ಲಾಕ್ ಆಗಿರುವ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಬೇಕಾ?

ಹೊಸ ಸಿಮ್ ಹಾಕಿದ ಕೂಡಲೇ ಫೋನು ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳುತ್ತಿದೆಯಾ? ಹಾಗಿದ್ದರೆ ಅದು ಒಂದೇ ಕಂಪನಿಯ ನೆಟ್‌ವರ್ಕಿಗೆ ಲಾಕ್ ಆಗಿದೆ. ಕಂತಿನ ಮೇಲೆ ಅಥವಾ ಪ್ಲಾನ್ ಜೊತೆ ಕಡಿಮೆ ಬೆಲೆಗೆ ಮಾರಿದ ಫೋನುಗಳಲ್ಲಿ ಇದು ಮಾಮೂಲು. ದುಡ್ಡು ತೀರುವ ಮೊದಲೇ ಗಿರಾಕಿ ಬೇರೆ ಕಡೆ ಹೋಗಬಾರದು, ಅಷ್ಟೇ ಕಂಪನಿಯ ಲೆಕ್ಕಾಚಾರ.

ಫ್ಯಾಕ್ಟರಿ ರೀಸೆಟ್ ಮಾಡಿದರೆ ಈ ಲಾಕ್ ಹೋಗುವುದಿಲ್ಲ. ಸುಮ್ನೆ ನಿಮ್ಮ ಫೋಟೋಗಳು ಹೋಗುತ್ತವೆ. ಪ್ಯಾಟರ್ನ್ ಲಾಕ್, ಗೂಗಲ್ ಖಾತೆಯ ಲಾಕ್, ಬೂಟ್‌ಲೋಡರ್ ಅನ್‌ಲಾಕ್ (ಫೋನಿನ ಮೂಲ ಸಾಫ್ಟ್‌ವೇರ್ ಬದಲಿಸಲು ಮಾಡುವುದು) ಇವೆಲ್ಲ ಬೇರೆಯೇ ವಿಷಯ, ಇದಕ್ಕೆ ಸಂಬಂಧವಿಲ್ಲ.

ಮೊದಲು ಲಾಕ್ ಇದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇದ್ದರೆ ಯಾವ ಲಾಕೂ ಇಲ್ಲ, ಮುಂದೆ ಓದುವ ಕೆಲಸವೂ ಇಲ್ಲ. ಆಂಡ್ರಾಯ್ಡ್ ಆದರೆ ಯಾರದಾದರೂ ಬೇರೆ ಸಿಮ್ ಇಸಕೊಂಡು ಹಾಕಿ ನೋಡಿ. ಆದರೆ ಅದು ನಿಜವಾಗಿ ಬೇರೆ ನೆಟ್‌ವರ್ಕಿನದೇ ಆಗಿರಬೇಕು. ಎಷ್ಟೋ ಸಣ್ಣ ಬ್ರ್ಯಾಂಡುಗಳು ದೊಡ್ಡ ಕಂಪನಿಯ ಟವರನ್ನೇ ಬಾಡಿಗೆಗೆ ಪಡೆದು ನಡೆಯುತ್ತವೆ, ಅಂಥ ಸಿಮ್ ಲಾಕ್ ಆದ ಫೋನಿನಲ್ಲೂ ಕೆಲಸ ಮಾಡಿಬಿಡಬಹುದು, ಆಗ ಲಾಕೇ ಇಲ್ಲ ಅಂದುಕೊಂಡು ಮೋಸ ಹೋಗುತ್ತೀರಿ.

ಆಮೇಲೆ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್, ಅಂದರೆ ನಿಮ್ಮ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡು ನಂಬರ್ ಇರುತ್ತವೆ, ಎರಡನ್ನೂ ಬರೆದಿಟ್ಟುಕೊಳ್ಳಿ.

ಈಗ ಕೇಳಬೇಕಾದದ್ದು ಯಾರನ್ನು? ಹೆಚ್ಚಿನವರು ತಪ್ಪುವುದು ಇಲ್ಲೇ. ನೀವು ಸೇರಬೇಕೆಂದಿರುವ ಹೊಸ ಕಂಪನಿಯನ್ನಲ್ಲ, ಲಾಕ್ ಹಾಕಿದ ಹಳೇ ಕಂಪನಿಯನ್ನೇ ಕೇಳಬೇಕು. ಕಂತು ಪೂರ್ತಿ ಕಟ್ಟಿರಬೇಕು, ಬಿಲ್ ಬಾಕಿ ಇರಬಾರದು, ಫೋನು ಕಳುವಾಗಿದೆ ಅಂತ ದೂರು ದಾಖಲಾಗಿರಬಾರದು. ಸಾಮಾನ್ಯವಾಗಿ ಇಷ್ಟೇ ಷರತ್ತು. ಸೆಕೆಂಡ್ ಹ್ಯಾಂಡ್ ಫೋನಾದರೆ ಮಾರಿದವರ ಕೈಲೇ ಅರ್ಜಿ ಹಾಕಿಸಿ, ಖಾತೆ ಅವರ ಹೆಸರಲ್ಲಿರುತ್ತಲ್ವಾ. ದುಡ್ಡು ಕೊಡುವ ಮುಂಚೆಯೇ ಹಾಕಿಸಿದರೆ ಇನ್ನೂ ಒಳ್ಳೆಯದು. ದೇಶದ ಕಾನೂನೂ ನಿಮ್ಮ ಕಡೆ ಇರಬಹುದು: ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಅನ್‌ಲಾಕ್‌ಗೆ ಶುಲ್ಕ ಕೇಳುವ ಹಾಗಿಲ್ಲ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಕಂಪನಿಗಳು ಲಾಕ್ ಆದ ಫೋನ್ ಮಾರುವ ಹಾಗೇ ಇಲ್ಲ.

ಹಳೇ ಕಂಪನಿ ಅನ್‌ಲಾಕ್ ಕೋಡ್ ಕೊಟ್ಟರೆ ಫೋನ್ ಆಫ್ ಮಾಡಿ, ಹೊಸ ಸಿಮ್ ಹಾಕಿ, ಆನ್ ಮಾಡಿ, ಪಿನ್ ಕೇಳಿದಾಗ ಒಂದೊಂದೇ ಅಂಕಿ ನೋಡಿಕೊಂಡು ಹಾಕಿ. ಅಂದಾಜಿಗೆ ಮಾತ್ರ ಒತ್ತಬೇಡಿ. ತಪ್ಪು ಮಾಡಲು ಸಿಗುವುದು ಕೆಲವೇ ಅವಕಾಶ, ಅದು ಮುಗಿದರೆ ಫೋನು ಸರಿಯಾದ ಕೋಡನ್ನೂ ತೆಗೆದುಕೊಳ್ಳದೆ ಹೋಗಬಹುದು. ಐಫೋನಿಗೆ ಕೋಡ್ ಇಲ್ಲ. ಕಂಪನಿ ಒಪ್ಪಿದ ಮೇಲೆ ಆಪಲ್ ಸರ್ವರ್‌ನಲ್ಲೇ ಲಾಕ್ ತೆಗೆಯುತ್ತಾರೆ. ನೀವು ವೈಫೈ ಹಾಕಿಕೊಂಡು ಹೊಸ ಸಿಮ್ ಹಾಕಿದರೆ ಸಾಕು. ಆಗಲೂ ಹಟ ಮಾಡಿದರೆ ಬ್ಯಾಕಪ್ ತೆಗೆದು, ಫೋನ್ ಅಳಿಸಿ, ರೀಸ್ಟೋರ್ ಮಾಡಿ.

‘ಉಚಿತ ಕೋಡ್ ಜನರೇಟರ್’ ಅಂತ ಬರುವ ಸೈಟುಗಳ ಕಡೆ ತಿರುಗಿಯೂ ನೋಡಬೇಡಿ. ದುಡ್ಡು ಪಡೆದು ಅನ್‌ಲಾಕ್ ಮಾಡಿಸಿಕೊಡುವವರು ಐಎಂಇಐ ಕೇಳಿದರೆ ಸರಿ, ನಿಮ್ಮ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸಿಮ್ ಕೆಳಗೆ ಇಡುವ ತೆಳು ಚಿಪ್‌ಗಳೂ ಸಿಗುತ್ತವೆ, ಅವು ಲಾಕ್ ತೆಗೆಯುವುದಿಲ್ಲ, ಫೋನಿಗೆ ಸುಳ್ಳು ಹೇಳುತ್ತವೆ ಅಷ್ಟೇ. ಒಂದು ಅಪ್‌ಡೇಟ್ ಬಂದರೆ ಆಟ ಮುಗಿಯಬಹುದು.

ಲಾಕ್ ಹೋದರೂ ಎಲ್ಲ ನೆಟ್‌ವರ್ಕೂ ಹಿಡಿಯುತ್ತದೆ ಅಂತ ಗ್ಯಾರಂಟಿ ಇಲ್ಲ. ಹೊಸ ಕಂಪನಿ ಬಳಸುವ 4ಜಿ, 5ಜಿ ಬ್ಯಾಂಡುಗಳು (ಸಿಗ್ನಲ್ ಬರುವ ತರಂಗಾಂತರಗಳು) ನಿಮ್ಮ ಮಾಡೆಲ್‌ನ ರೇಡಿಯೋದಲ್ಲೇ ಇಲ್ಲದಿದ್ದರೆ ಅನ್‌ಲಾಕ್ ಏನೂ ಮಾಡಲಾರದು. ಹಾಗಾಗಿ ಮಾಡೆಲ್ ನಂಬರ್ ಹಾಕಿ ಬ್ಯಾಂಡ್ ಪಟ್ಟಿ ಹುಡುಕಿ, ಹೊಸ ಕಂಪನಿಯ ಪಟ್ಟಿ ಜೊತೆ ತಾಳೆ ನೋಡಿ. ಹಳೇ 2ಜಿ, 3ಜಿ ನಿಲ್ಲಿಸಿದ ಕಡೆ ವೋಲ್ಟಿ (4ಜಿ ಮೇಲೆಯೇ ಕಾಲ್ ಮಾಡುವ ವ್ಯವಸ್ಥೆ) ಕೆಲಸ ಮಾಡದಿದ್ದರೆ ಇಂಟರ್ನೆಟ್ ಚೆನ್ನಾಗಿ ಓಡುತ್ತದೆ, ಕಾಲ್ ಮಾತ್ರ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ಕಾಲ್ ಬಂದು ಇಂಟರ್ನೆಟ್ ಬರದಿದ್ದರೆ ಗಾಬರಿ ಬೇಡ, ಅದು ಬಹುಪಾಲು ಎಪಿಎನ್ ಸಮಸ್ಯೆ, ಅಂದರೆ ಫೋನನ್ನು ಕಂಪನಿಯ ಇಂಟರ್ನೆಟ್‌ಗೆ ಜೋಡಿಸುವ ಸೆಟ್ಟಿಂಗ್‌ನದು. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹಳೇ ಕಂಪನಿಯ ಎಪಿಎನ್ ತೆಗೆದು ಹೊಸದನ್ನು ಹಾಕಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.