ಹಳೆ ಲ್ಯಾಪ್‌ಟಾಪ್, ದೊಡ್ಡಪ್ಪನ ಮಳೆ ಪುಸ್ತಕ, ಎಂ.ಎಸ್ಸಿ ಸ್ಟ್ಯಾಟಿಸ್ಟಿಕ್ಸ್

ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ, ಸಾಫ್ಟ್‌ವೇರಿಗೆ ಒಂದು ರೂಪಾಯಿ ಕೊಡದೆ, ಆರ್ (R) ಅನ್ನುವ ಉಚಿತ ಸಂಖ್ಯಾಶಾಸ್ತ್ರ ಭಾಷೆಯಲ್ಲಿ ಎಂ.ಎಸ್ಸಿ ಸ್ಟ್ಯಾಟಿಸ್ಟಿಕ್ಸಿನ ಪ್ರಾಕ್ಟಿಕಲ್ ಅಷ್ಟೂ ಮುಗಿಸಿದೆ. ಆಗುವುದಿಲ್ಲ ಅಂದವರೇ ಜಾಸ್ತಿ. ಸೀನಿಯರ್ ಒಬ್ಬರು ದುಡ್ಡು ಕೊಟ್ಟು ಕೊಳ್ಳುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಇಲ್ಲದೆ ಕೈ ಹಾಕಲೇಬೇಡ ಅಂದರು. ಕಾರವಾರದ ಗೆಳೆಯ, "ಆರ್ ಹಳೇದಾಯ್ತು ಮಾರಾಯ, ಪೈಥಾನ್ ಕಲಿ" ಅಂದ. ಈಗ ಅವನೇ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಆರ್ ಕೋಡ್ ಕೇಳುತ್ತಾನೆ.

ಆರ್ ಇನ್‌ಸ್ಟಾಲ್ ಮಾಡುವುದು, ವೆಕ್ಟರ್, ಡೇಟಾ ಫ್ರೇಮ್ ತರದ ಮೊದಲ ಪಾಠಗಳನ್ನು ಇಲ್ಲಿ ಹೇಳುವುದಿಲ್ಲ. ಮೊದಲು ದುಡ್ಡಿನ ವಿಷಯ. ಲ್ಯಾಪ್‌ಟಾಪ್ ಹನ್ನೆರಡು ಸಾವಿರದ ಆಸುಪಾಸು. ನಾಲ್ಕು ಜಿಬಿ ರ‍್ಯಾಮನ್ನು ಎಂಟು ಮಾಡಿಸಿ, ಎಸ್‌ಎಸ್‌ಡಿ ಹಾಕಿಸಿದ್ದಕ್ಕೆ ನಾಲ್ಕು-ಐದು ಸಾವಿರ. ಇದು ಸಾರ್ಥಕ. ಆನ್‌ಲೈನ್ ಕೋರ್ಸ್ ಒಂದಕ್ಕೆ ಕೊಟ್ಟ ಆರು ಸಾವಿರ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೊದಲಿಂದ ಕೊನೆಯವರೆಗೆ ಐರಿಸ್ ಹೂವಿನ ಡೇಟಾ, ಬಣ್ಣಬಣ್ಣದ ಚಿತ್ರ. ಲೈಕ್ಲಿಹುಡ್ (ಪ್ಯಾರಾಮೀಟರಿನ ಯಾವ ಬೆಲೆಗೆ ನಮ್ಮ ಡೇಟಾ ಬರುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ) ಅನ್ನುವ ಶಬ್ದವೇ ಬರಲಿಲ್ಲ. ನಮ್ಮ ಪೇಪರಿನಲ್ಲಿ ಕೇಳುವುದು ಅದನ್ನೇ ಅಲ್ವಾ?

ಮಳೆಗಾಲದಲ್ಲಿ ಆರ್‌ನ ಪ್ಯಾಕೇಜ್ (ಹೆಚ್ಚುವರಿ ಫಂಕ್ಷನ್ನುಗಳ ಕಟ್ಟು) ಇಳಿಸುವುದು ದೊಡ್ಡ ಗೋಳು. ಕರೆಂಟು ಹೋದರೆ ಟವರೂ ಹೋಗುತ್ತದೆ. ಮುಕ್ಕಾಲು ಇಳಿದದ್ದು ನಿಂತರೆ ಮತ್ತೆ ಮೊದಲಿಂದ. ಪೇಟೆಯಲ್ಲಿ ಭಾವನ ಅಂಗಡಿಗೆ ಹೋಗಿ ಜಿಪ್ ಫೈಲ್‌ಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬರುತ್ತಿದ್ದೆ. ಮನೆಗೆ ಬಂದು ಹಾಕಿದರೆ, ಇದಕ್ಕೆ ಇನ್ನೊಂದು ಪ್ಯಾಕೇಜ್ ಬೇಕು, ಅದಕ್ಕೆ ಮತ್ತೊಂದು ಬೇಕು ಅನ್ನುತ್ತದೆ. ಬಸ್ ಚಾರ್ಜೇ ಎಷ್ಟಾಯಿತೋ. ಆಮೇಲೆ ಸಿಕ್ಕಿದ್ದು ಟೂಲ್ಸ್ ಪ್ಯಾಕೇಜಿನ 'ಪ್ಯಾಕೇಜ್ ಡಿಪೆಂಡೆನ್ಸೀಸ್' ಫಂಕ್ಷನ್. ಅದಕ್ಕೆ ರಿಕರ್ಸಿವ್ ಅಂತ ಹೇಳಿದರೆ ಪೂರ್ತಿ ಪಟ್ಟಿ ಕೊಡುತ್ತದೆ. ಅದೆಲ್ಲ ಒಂದೇ ಸಲ ತಂದರೆ ಕೆಲಸ ಮುಗಿಯಿತು.

ನನ್ನ ಪದ್ಧತಿ ಇಷ್ಟೇ. ರೆಡಿ ಫಂಕ್ಷನ್ ಮುಟ್ಟುವ ಮೊದಲು ಪೇಪರಿನಲ್ಲಿ ಲೆಕ್ಕ ಬಿಡಿಸಬೇಕು. ಅದನ್ನು ಸ್ವಂತ ಕೋಡ್ ಮಾಡಬೇಕು. ಆಮೇಲೆ ರೆಡಿ ಫಂಕ್ಷನ್ನಿನ ಉತ್ತರದ ಜೊತೆ ನಾಲ್ಕು ದಶಾಂಶದವರೆಗೆ ತಾಳೆ ನೋಡಬೇಕು. ಬೀಜಗಣಿತಕ್ಕೆ ಮ್ಯಾಕ್ಸಿಮಾ ಅನ್ನುವ ಉಚಿತ ಸಾಫ್ಟ್‌ವೇರ್ ಇಟ್ಟುಕೊಂಡೆ. 1960ರ ದಶಕದಲ್ಲಿ ಎಂಐಟಿಯಲ್ಲಿ ಶುರುವಾದ Macsyma ಅನ್ನುವ ಸಾಫ್ಟ್‌ವೇರಿನ ಸಂತಾನ ಅದು. ಇಷ್ಟು ಹಳೆ ಲ್ಯಾಪ್‌ಟಾಪಿನಲ್ಲೂ ಹಗುರಾಗಿ ಓಡುತ್ತದೆ. ಇಂಟಿಗ್ರಲ್ ಕೊಟ್ಟರೆ "ಎ ಧನವೋ ಋಣವೋ ಸೊನ್ನೆಯೋ" ಅಂತ ತಿರುಗಿ ಕೇಳುತ್ತದೆ. ಮೊದಲು ಕಿರಿಕಿರಿ ಅನಿಸಿತು. ಆದರೆ ಗಾಮಾ ವಿತರಣೆಯ ಶೇಪ್ (ಅದರ ಆಕಾರ ಹೇಳುವ ಅಂಕಿ) ಸೊನ್ನೆಗಿಂತ ದೊಡ್ಡದು ಅನ್ನುವ ಷರತ್ತನ್ನು ನಾವು ಪರೀಕ್ಷೆಯಲ್ಲಿ ಬರೆಯದೆ ಬಿಡುವುದೂ ಅಲ್ಲೇ. 'ಅಸ್ಯೂಮ್' ಅಂತ ಮೊದಲೇ ಹೇಳಿದರೆ ಸುಮ್ನಿರುತ್ತದೆ.

ಡೇಟಾ ಮಾತ್ರ ನನ್ನದೇ. ದೊಡ್ಡಪ್ಪ ಮೂವತ್ತು-ಮೂವತ್ತೈದು ವರ್ಷದಿಂದ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಎಲ್ಲ ಇಂಚು, ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿ.ಮೀ. ಟೈಪ್ ಮಾಡುವಷ್ಟರಲ್ಲಿ ಒಂದು ಬೇಸಿಗೆ ರಜೆ ಕಳೆಯಿತು. ಆಮೇಲೆ ನಿಜವಾದ ತಲೆನೋವು. ಖಾಲಿ ಬಿಟ್ಟ ದಿನಗಳು ಮಳೆ ಇಲ್ಲದ ದಿನಗಳೋ, ಅಳೆಯದ ದಿನಗಳೋ?

ಕೇಳಿದರೆ ದೊಡ್ಡಪ್ಪ, "ತಮಾ, ಜುಲೈ ತಿಂಗಳಲ್ಲಿ ಖಾಲಿ ಇದ್ರೆ ನಾ ಊರಲ್ಲಿ ಇರಲಿಲ್ಲ ಅಂತ. ಮಾಘದಲ್ಲಿ ಖಾಲಿ ಇದ್ರೆ ಮಳೆನೇ ಇಲ್ಲ" ಅಂದರು. ಅಂದರೆ ಒಂದು ಎನ್‌ಎ (ಅಳತೆ ಸಿಕ್ಕಿಲ್ಲ ಅನ್ನುವ ಗುರುತು), ಇನ್ನೊಂದು ಸೊನ್ನೆ. ಎಲ್ಲದಕ್ಕೂ ಸೊನ್ನೆ ಹಾಕಿದರೆ ಜುಲೈ ಸರಾಸರಿ ಕುಸಿಯುತ್ತದೆ. ಎಲ್ಲದಕ್ಕೂ ಎನ್‌ಎ ಹಾಕಿದರೆ ಫೆಬ್ರವರಿಯೇ ಮಾಯ. ಜೂನ್, ಅಕ್ಟೋಬರ್ ಖಾಲಿಗಳನ್ನು ವಿಂಗಡಿಸಲು ಒಂದು ನಿಯಮ ಮಾಡಿಕೊಂಡಿದ್ದೇನೆ. ಡಿಸರ್ಟೇಶನ್ ಮುಗಿಯುವ ತನಕ ಅದನ್ನು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ದಿನದ ಮಳೆಗೆ ಗಾಮಾ ವಿತರಣೆ ಹೊಂದಿಸಲು ಕೂತರೆ ಸೊನ್ನೆ ದಿನಗಳೇ ಅಡ್ಡ. ಆ ಲೆಕ್ಕಕ್ಕೆ ಲಾಗ್ ಬೇಕು, ಸೊನ್ನೆಯ ಲಾಗ್ ಮೈನಸ್ ಇನ್ಫಿನಿಟಿ. ಕೆಲವರು ಎಲ್ಲಕ್ಕೂ 0.01 ಕೂಡಿಸು ಅನ್ನುತ್ತಾರೆ. ಮಾಡಿ ನೋಡಿದೆ. 0.01 ಬದಲು 0.1 ಕೂಡಿಸಿದರೆ ಶೇಪ್ ಬೇರೆಯೇ ಬರುತ್ತದೆ. ಅದು ಮಳೆಯ ಶೇಪ್ ಅಲ್ಲ, ನಾವು ಕೂಡಿಸಿದ್ದರ ಶೇಪ್. ಮಳೆ ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಬರ್ನೂಲಿ, ಬಂದ ದಿನ ಎಷ್ಟು ಅನ್ನುವುದಕ್ಕೆ ಗಾಮಾ, ಹೀಗೆ ಎರಡು ಭಾಗ ಮಾಡಿದೆ. ಆಗ ಸರಿ ಹೋಯಿತು.

ಆರ್‌ನ 'ಆಪ್ಟಿಮ್' ಫಂಕ್ಷನ್ ಸುಮ್ನೆ ಬಿಟ್ಟರೆ ಕನಿಷ್ಠ ಹುಡುಕುತ್ತದೆ, ನಮಗೆ ಬೇಕಾದದ್ದು ಗರಿಷ್ಠ, ಆದ್ದರಿಂದ ಲಾಗ್ ಲೈಕ್ಲಿಹುಡ್ಡಿಗೆ ಮೈನಸ್ ಹಾಕಿಯೇ ಕೊಡಬೇಕು. ಶೇಪ್ ಋಣಕ್ಕೆ ಇಳಿದು ಎನ್‌ಎಎನ್ (ಸಂಖ್ಯೆಯೇ ಅಲ್ಲ) ಅನ್ನುವ ಎಚ್ಚರಿಕೆ ಸುರಿಯುವುದನ್ನು ತಪ್ಪಿಸಲು ಪ್ಯಾರಾಮೀಟರುಗಳ ಲಾಗ್ ಮೇಲೆ ಓಡಿಸಿದೆ. ಶುರುವಿನ ಬೆಲೆಗೆ ಮೊಮೆಂಟ್ಸ್ ವಿಧಾನ ಸಾಕು: ಶೇಪಿಗೆ ಸರಾಸರಿಯ ವರ್ಗ ಭಾಗಿಸು ವೇರಿಯನ್ಸ್, ಸ್ಕೇಲಿಗೆ ವೇರಿಯನ್ಸ್ ಭಾಗಿಸು ಸರಾಸರಿ. ಜುಲೈಗೆ ಶೇಪ್ ಸುಮಾರು 0.8 ಬಂದ ನೆನಪು. ಶೇಪಿನ ಡೈಗಾಮಾ ಸಮೀಕರಣವನ್ನು ಮೂಲ ಹುಡುಕುವ 'ಯುನಿರೂಟ್'ನಲ್ಲಿ ಬಿಡಿಸಿದರೂ ಅದೇ ಉತ್ತರ. ಅವತ್ತು ಎರಡು ಲೋಟ ಚಾ ಜಾಸ್ತಿ ಕುಡಿದೆ.

ಡೇಟಾಕ್ಕೆ ರೇಖೆ ಹೊಂದಿಸುವ ರಿಗ್ರೆಶನ್ನಿನಲ್ಲಿ ಇನ್ನೊಂದು ಪೆಟ್ಟು. ವರ್ಷ ಮತ್ತು ವರ್ಷದ ವರ್ಗ ಹಾಕಿ, ಪುಸ್ತಕದ ಸೂತ್ರದಂತೆ 'ಸಾಲ್ವ್' ಮಾಡಿದರೆ ಮ್ಯಾಟ್ರಿಕ್ಸ್ ಸಿಂಗ್ಯುಲರ್ (ಇನ್‌ವರ್ಸ್ ಸಿಗದು) ಅಂತ ಬೈಯಿತು. ಅದೇ ಡೇಟಾಕ್ಕೆ ಆರ್‌ನ ರೆಡಿ ಫಂಕ್ಷನ್ 'ಎಲ್‌ಎಂ' ಉತ್ತರ ಕೊಟ್ಟಿತು. ಅದು ಇನ್‌ವರ್ಸ್ ಮಾಡುವುದೇ ಇಲ್ಲ, ಮ್ಯಾಟ್ರಿಕ್ಸನ್ನು ಎರಡಾಗಿ ಒಡೆಯುವ ಕ್ಯೂಆರ್ ವಿಧಾನ ಬಳಸುತ್ತದೆ. ಪ್ರತಿ ವರ್ಷದ ಅಂಕಿಯಿಂದ 2000 ಕಳೆದು ಸಣ್ಣದು ಮಾಡಿದ ಮೇಲೆ ನನ್ನ ಕೋಡೂ ಓಡಿತು.

ಕಾರವಾರದ ಗೆಳೆಯನ ಬೂಟ್‌ಸ್ಟ್ರಾಪ್ (ಡೇಟಾದಿಂದಲೇ ಮತ್ತೆ ಮತ್ತೆ ಸ್ಯಾಂಪಲ್ ಎತ್ತುವ ವಿಧಾನ) ಉತ್ತರಕ್ಕೂ ನನ್ನದಕ್ಕೂ ತಾಳೆಯಾಗದೆ ಒಂದು ವಾರ ಜಗಳ ನಡೆಯಿತು. ಕೋಡ್ ಒಂದೇ, ಸೀಡ್ (ರ‍್ಯಾಂಡಮ್ ಸಂಖ್ಯೆಗಳು ಶುರುವಾಗುವ ಅಂಕಿ) ಒಂದೇ. ಅವನ ಲ್ಯಾಬಿನಲ್ಲಿ ಇದ್ದದ್ದು ಹಳೆ ಆರ್. 2019ರಲ್ಲಿ ಬಂದ 3.6.0ರಿಂದ 'ಸ್ಯಾಂಪಲ್' ಆರಿಸುವ ರೀತಿಯೇ ಬದಲಾಗಿದೆ. ನನ್ನ ಕಡೆ 'ಸ್ಯಾಂಪಲ್ ಕೈಂಡ್' ಅನ್ನು ರೌಂಡಿಂಗ್ ಅಂತ ಇಟ್ಟ ಕೂಡಲೇ ಅಂಕಿ ಅಂಕಿಗೂ ಕೂಡಿತು.

ನಡುವೆ ಅಡಿಕೆ ರೇಟಿಗೂ ಕೈ ಹಾಕಿದೆ. ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದಿನದ ಧಾರಣೆ ಗುಡ್ಡೆ ಹಾಕಿ ಅರಿಮಾ ಅನ್ನುವ ಮುನ್ನೂಹೆಯ ಮಾಡೆಲ್ ಓಡಿಸಿದೆ. ಭಾನುವಾರ, ಹಬ್ಬ, ಮಾರಿಕಾಂಬಾ ಜಾತ್ರೆ ಅಂತ ವಹಿವಾಟು ಇಲ್ಲದ ದಿನಗಳ ಗುಂಡಿ ಬೇರೆ. ಎಷ್ಟು ತಿದ್ದಿದರೂ "ನಾಳೆಯ ರೇಟು ಇವತ್ತಿನದೇ" ಅನ್ನುವ ಸಾದಾ ಊಹೆಯನ್ನು ಅದು ಸೋಲಿಸಲಿಲ್ಲ. ಯಾವಾಗ ಮಾರಲಿ ಅಂತ ಕೇಳಿದ ದೊಡ್ಡಪ್ಪನಿಗೆ ಗ್ರಾಫ್ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇದು ನಂಗೂ ಗೊತ್ತಿತ್ತು" ಅಂದರು.

ಈಗ ಬೇಸಿಯನ್ ಮಾಡೆಲುಗಳ ಉಚಿತ ಸಾಫ್ಟ್‌ವೇರ್ ಸ್ಟ್ಯಾನ್ ಹಚ್ಚಿಕೊಂಡಿದ್ದೇನೆ. ಸಿ ಪ್ಲಸ್ ಪ್ಲಸ್ ಕಂಪೈಲರ್ ಬೇಕು. ಒಂದು ಮಾಡೆಲ್ ಕಂಪೈಲ್ ಆಗುವಷ್ಟರಲ್ಲಿ ಫ್ಯಾನು ಕೂಗಿಕೊಳ್ಳುತ್ತದೆ, ಬ್ಯಾಟರಿ ಅರ್ಧಕ್ಕೆ ಬರುತ್ತದೆ. ಕಂಪೈಲ್ ಆದದ್ದನ್ನು ಡಿಸ್ಕಿಗೆ ಉಳಿಸಿಕೊಳ್ಳಲು 'ಆಟೋ ರೈಟ್' ಆನ್ ಮಾಡಿಟ್ಟಿದ್ದೇನೆ. ಮಾಡೆಲ್ ತಿದ್ದದಿದ್ದರೆ ಮತ್ತೆ ಕಾಯುವುದು ತಪ್ಪುತ್ತದೆ. ಇನ್ನೂ ಎಂಟು ಜಿಬಿ ರ‍್ಯಾಮ್ ಹಾಕಿಸುವ ಯೋಚನೆ ಇದೆ, ಚಾಲಿ ಮಾರಿದ ಮೇಲೆ.