ಎಂಜಿನ್ ಇಲ್ಲದೆ ಹೊಳೆಯ ಚಿನ್ನ: ಎರಡಿಂಚಿನ ಕೈಪಂಪು, ಎರಡು ದಿನದ ಕ್ಯಾಂಪು

ಕೈಪಂಪಿನಲ್ಲಿ ಚಿನ್ನ ಎತ್ತುವುದೆಂದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅಂತ ಹಳೆಯ ಡ್ರೆಡ್ಜ್ ಕೈಗಳ ತೀರ್ಪು. ಡ್ರೆಡ್ಜ್ ಅಂದರೆ ಹೊಳೆಯ ತಳದ ಜಲ್ಲಿಯನ್ನು ಎಂಜಿನ್ ಬಲದಿಂದ ಹೀರಿ ಚಿನ್ನ ತೆಗೆಯುವ ಯಂತ್ರ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ನಾಲ್ಕಿಂಚಿನ ಡ್ರೆಡ್ಜ್ ಒಂದು ಗಂಟೆಯಲ್ಲಿ ನುಂಗುವ ಜಲ್ಲಿಯನ್ನು ಕೈಪಂಪು ಇಡೀ ವಾರಾಂತ್ಯದಲ್ಲೂ ಎತ್ತಲಾರದು. ಆದರೆ ಚಿನ್ನ ಜಲ್ಲಿಯಲ್ಲೆಲ್ಲ ಸಮನಾಗಿ ಹರಡಿ ಕೂತಿರುವುದಿಲ್ಲ. ನೀರಿಗಿಂತ 19 ಪಟ್ಟು ತೂಕ ಅದಕ್ಕೆ. ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲು, ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಕಬ್ಬಿಣದಂಶದ ಕಪ್ಪು ಮರಳು ಐದು. ಹೀಗಾಗಿ ಚಿನ್ನ ಇಳಿಯುತ್ತ ಇಳಿಯುತ್ತ ತಳಬಂಡೆಯ ಸೀಳು ಸೇರುತ್ತೆ, ಸೀಳಿನಲ್ಲೂ ಕೊನೆಯ ಅಂಗುಲಕ್ಕೇ ಹೋಗಿ ಕೂರುತ್ತೆ. ಆ ಒಂದಂಗುಲವನ್ನು ಚೆಲ್ಲದೆ ಮೇಲೆ ತರುವುದಷ್ಟೇ ಕೆಲಸ. ಅದಕ್ಕೆ ಎಂಜಿನ್ ಬೇಕಿಲ್ಲ.

ಬೇಕು ಅಂದರೂ ಇಲ್ಲಿ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಹೊಳೆಗಳಲ್ಲಿ ಸಕ್ಷನ್ ಡ್ರೆಡ್ಜ್ 2009ರಿಂದ ನಿಂತಂತೆಯೇ. 2015ರ ಕಾನೂನು ಇನ್ನೂ ಬಿಗಿ ಮಾಡಿತು: ಹೊಳೆಯ ತಳದಿಂದ ಮಾಲು ತೆಗೆಯಲು ಮೋಟಾರಿನ ನೆರವು ಇದ್ದರೆ ಸಾಕು, ಅದೂ ಡ್ರೆಡ್ಜೇ. ದೋಣಿಯ ನೀರೆತ್ತುವ ಬ್ಯಾಟರಿಯ ಬಿಲ್ಜ್ ಪಂಪ್ ಇಟ್ಟು ಜಾಣತನ ತೋರಿಸಲು ಹೊರಟವರು ಇದನ್ನು ಮರೆಯಬೇಡಿ. ಕೈಯಿಂದ ಎಳೆಯುವ ಪಂಪಿಗೆ ಆ ತೊಂದರೆ ಇಲ್ಲ. ಆದರೂ ಜಾಗ ನೋಡಿಕೊಳ್ಳಬೇಕು. 1848ರಲ್ಲಿ ಚಿನ್ನ ಕಣ್ಣಿಗೆ ಬಿದ್ದು ಗೋಲ್ಡ್ ರಷ್ ಶುರುವಾದ ಕೊಲೋಮಾದಲ್ಲಿ, ಮಾರ್ಷಲ್ ಪಾರ್ಕಿನೊಳಗೆ, ಬರೀ ಪ್ಯಾನ್, ಅಂದರೆ ಮಣ್ಣು ತೊಳೆಯುವ ತಟ್ಟೆ, ಅಷ್ಟೆ. ನಾನು ಹೋಗುವುದು ಹೈವೇ 49ರಲ್ಲಿ ಡೌನಿವಿಲ್ ದಾಟಿ ಮೇಲೆ, ನಾರ್ತ್ ಯೂಬಾ ಹೊಳೆಯ ಕಡೆಗೆ. ಟಾಹೋ ರಾಷ್ಟ್ರೀಯ ಅರಣ್ಯದ ಆ ಪಟ್ಟಿಯಲ್ಲಿ ಬೇರೆಯವರ ಕ್ಲೇಮುಗಳು, ಅಂದರೆ ಗಣಿ ಹಕ್ಕು ಹೂಡಿದ ಜಾಗಗಳು, ಬೇಕಾದಷ್ಟಿವೆ. ರೇಂಜರ್ ಕಚೇರಿಯಲ್ಲಿ ಕೇಳದೆ ನೀರಿಗಿಳಿಯಬೇಡಿ. ನನ್ನ ತಿರುವು ಯಾವುದು ಅಂತ ಮಾತ್ರ ಕೇಳಬೇಡಿ.

ಈಗ ಪಂಪು. ಎರಡಿಂಚಿನ ಪಿವಿಸಿ, ಷೆಡ್ಯೂಲ್ 40 (ಕೊಳವೆಯ ಗೋಡೆ ದಪ್ಪದ ಅಳತೆ), ಮೂರಡಿ ಉದ್ದ. ಒಳಗೆ ದಂಡ, ದಂಡದ ತುದಿಗೆ ವಾಷರ್, ಕೆಳಗೆ ಮುಕ್ಕಾಲಿಂಚಿನ ಮೂತಿ. ಎರಡಡಿ ಎಳೆತಕ್ಕೆ ಒಂದೂಕಾಲು ಲೀಟರಿನ ಮೇಲೆ ನೀರು ಬರುತ್ತೆ. ಎರಡಿಂಚಿನ ಕೊಳವೆಗೂ ಮುಕ್ಕಾಲಿಂಚಿನ ಮೂತಿಗೂ ಬಾಯಿಯ ವಿಸ್ತೀರ್ಣದಲ್ಲಿ ಆರು ಪಟ್ಟಿಗೂ ಮಿಕ್ಕ ವ್ಯತ್ಯಾಸ. ಒಂದು ಸೆಕೆಂಡಿನಲ್ಲಿ ಎರಡಡಿ ಎಳೆದರೆ ಮೂತಿಯಲ್ಲಿ ನೀರು ಸೆಕೆಂಡಿಗೆ ಮೂರೂವರೆ ಮೀಟರಿಗೂ ಹೆಚ್ಚು ಓಡುತ್ತೆ. ಅಕ್ಕಿನುಚ್ಚಿನ ಗಾತ್ರದ ಚಿನ್ನ ಎದ್ದು ಬರಲು ಅಷ್ಟು ಧಾರಾಳ.

ಆದರೂ ಮೊದಲ ಮೂರು ಟ್ರಿಪ್ಪುಗಳಲ್ಲಿ ಸಿಕ್ಕಿದ್ದು ಎಲ್ಲ ಸೇರಿ 0.15 ಗ್ರಾಂ ಇರಬಹುದು. ಬೈದದ್ದು ಯಾವಾಗಲೂ ವಾಷರನ್ನೇ. ಚರ್ಮದ ಕಪ್ ಹಾಕಿದರೆ ಕಾರಿನಲ್ಲಿ ಒಣಗಿ ಸುರುಟುತ್ತೆ, ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಎಳೆಯುವಾಗ ಮಡಚಿಕೊಂಡು ಗಾಳಿ ಬಿಡುತ್ತೆ. ಓ-ರಿಂಗ್ ಚೆನ್ನಾಗಿ ಹಿಡಿಯಿತು, ಆದರೆ ಸರಾಗವಾಗಲಿ ಅಂತ ವ್ಯಾಸಲೀನ್ ಸವರಿದ್ದೇ ತಪ್ಪಾಯಿತು. ಆ ರಿಂಗು ಇಪಿಡಿಎಂ ರಬ್ಬರಿನದು. ಪೆಟ್ರೋಲಿಯಂ ಜೆಲ್ಲಿ ಕುಡಿದು ಊದಿಕೊಂಡು, ಎರಡನೇ ದಿನ ದಂಡ ಅಲುಗಾಡಲೇ ಇಲ್ಲ. ಸಿಲಿಕೋನ್ ಗ್ರೀಸ್ ಹಾಕಿ, ಇಲ್ಲವೇ ನೈಟ್ರೈಲ್ ರಿಂಗ್ ತನ್ನಿ. ಒಳಗಾಗುವುದು ಕಾಣಲಿ ಅಂತ 38 ಡಾಲರ್ ಕೊಟ್ಟು ತಂದ ಪಾರದರ್ಶಕ ಅಕ್ರಿಲಿಕ್ ಕೊಳವೆ ಬಂಡೆಗೆ ಒಮ್ಮೆ ತಗುಲಿದ್ದಕ್ಕೇ ಉದ್ದಕ್ಕೆ ಬಿರಿಯಿತು. ವಾಷರ್, ಅಂಟು, ಅಕ್ರಿಲಿಕ್ ಎಲ್ಲ ಸೇರಿ ಹಾಳಾದದ್ದು 140 ಡಾಲರಿನ ಆಸುಪಾಸು. ಕೊನೆಗೆ ಕೆಲಸ ಮಾಡಿದ ಪಂಪಿಗೆ ಬಿದ್ದದ್ದು 45.

ಇಷ್ಟೆಲ್ಲ ಮಾಡಿದರೂ ಕಾಯಿಲೆ ವಾಷರಿನದಾಗಿರಲೇ ಇಲ್ಲ. ಅದು ಗೊತ್ತಾದದ್ದು ಮನೆಯ ಹಿತ್ತಿಲಿನಲ್ಲಿ. ಮೀನು ಹಿಡಿಯುವವರ ಸೀಸದ ಗುಂಡನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಸಾಸಿವೆಯಷ್ಟು ಚೂರುಗಳಾಗಿ ಕತ್ತರಿಸಿ, ಇಪ್ಪತ್ತು ಚೂರುಗಳನ್ನು ಬಿಳಿ ಟಬ್ಬಿನ ಜಲ್ಲಿಯಲ್ಲಿ ಹೂತೆ. ಸೀಸಕ್ಕೆ ಹನ್ನೊಂದು ಪಟ್ಟು ತೂಕ; ಅದೇ ನಿಲ್ಲದಿದ್ದರೆ ಚಿನ್ನ ಎಲ್ಲಿ ನಿಲ್ಲಬೇಕು! ಪಂಪಿನಿಂದ ಎಳೆದು ಪಕ್ಕದ ಬಕೆಟ್ಟಿಗೆ ಸುರಿದಾಗ ಬಕೆಟ್ಟಿನಲ್ಲಿ ಒಂಬತ್ತು. ಉಳಿದ ಹನ್ನೊಂದು ಟಬ್ಬಿನ ತಳದಲ್ಲೇ ಹೊಳೆಯುತ್ತಿದ್ದವು, ಅದೂ ಎಳೆದ ಜಾಗದಲ್ಲಲ್ಲ, ಬಕೆಟ್ಟಿಗೆ ಹೋಗುವ ದಾರಿಯುದ್ದಕ್ಕೂ.

ಎಳೆತ ನಿಂತ ಕ್ಷಣಕ್ಕೆ ಕೊಳವೆಯಲ್ಲಿ ನೀರೂ ನಿಲ್ಲುತ್ತೆ. ವಾಷರ್ ಗಟ್ಟಿಯಾಗಿದ್ದರೆ ನೀರು ಸೋರುವುದಿಲ್ಲ, ಸರಿ. ಆದರೆ ನಿಂತ ನೀರಿನೊಳಗೆ ಚಿನ್ನ ಕೆಳಗಿಳಿಯುತ್ತಲೇ ಇರುತ್ತೆ, ಮತ್ತು ಕೆಳಗಡೆ ಬಾಯಿ ತೆರೆದುಕೊಂಡ ಮೂತಿ. ಸೀಳಿನಿಂದ ಬಕೆಟ್ಟಿಗೆ ಒಯ್ಯುವ ಆ ಎರಡು ಮೂರು ಸೆಕೆಂಡಿನಲ್ಲಿ ಒಳ್ಳೆಯ ಮಾಲೆಲ್ಲ ಹೊಳೆಗೆ ವಾಪಸು, ಬಕೆಟ್ಟಿಗೆ ಬರುವುದು ಬರೀ ಹಗುರ ಮರಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪರಿಹಾರಕ್ಕೆ ಬೇಕಾದದ್ದು ನಾಲ್ಕಿಂಚು ಉದ್ದದ ಪೈಪು. ಮೂತಿಯ ಕೊಳವೆಯನ್ನು ಕೆಳಗಿನ ಮುಚ್ಚಳದ ಮಟ್ಟಕ್ಕೇ ನಿಲ್ಲಿಸದೆ, ದೊಡ್ಡ ಕೊಳವೆಯೊಳಗೆ ನಾಲ್ಕಿಂಚು ಮೇಲಕ್ಕೆ ತೂರಿಸಿ ನಿಲ್ಲಿಸಿ. ಮಾಲು ಆ ಒಳಗಿನ ಕೊಳವೆಯ ತುದಿಯಿಂದ ಚಿಮ್ಮಿ ಸುತ್ತಲಿನ ಬಳೆಯಾಕಾರದ ಜಾಗದಲ್ಲಿ ಕೂರುತ್ತೆ. ಇಳಿದು ಹೋಗಲು ದಾರಿ ಇಲ್ಲ. ಆ ಜಾಗ ಹಿಡಿಯುವುದು 160 ಮಿಲಿ, ನಮ್ಮ ದರ್ಶಿನಿಗಳ ಒಂದು ಲೋಟ ಕಾಫಿಗಿಂತ ಸ್ವಲ್ಪ ಜಾಸ್ತಿ. ಹೀಗಾಗಿ ಎರಡು ಮೂರು ಎಳೆತಕ್ಕೊಮ್ಮೆ ಖಾಲಿ ಮಾಡಲೇಬೇಕು. ತುಂಬಿದ ಮೇಲೂ ಆಸೆಬಿದ್ದು ಎಳೆದರೆ ಮೊದಲಿನ ಕಥೆಯೇ. ಅದೇ ಟಬ್ಬು, ಅದೇ ಇಪ್ಪತ್ತು ಚೂರು, ಈ ಸಲ ಸಿಕ್ಕಿದ್ದು ಹದಿನೆಂಟು.

ಖಾಲಿ ಮಾಡಲು ಮುಚ್ಚಳ ಬಿಚ್ಚಬೇಕಲ್ಲ. ತಿರುಪಿನ ಮುಚ್ಚಳ ಹಾಕಿದರೆ ಐದು ನಿಮಿಷಕ್ಕೇ ಮರಳು ಸಿಕ್ಕಿ ಕಚ್ಚಿಕೊಳ್ಳುತ್ತೆ. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಎರಡಿಂಚಿನ ರಬ್ಬರ್ ಕ್ಯಾಪ್ ತಂದು, ನಡುವೆ ಮೂತಿಯ ಪೈಪಿಗಿಂತ ಕೂದಲೆಳೆ ಚಿಕ್ಕದಾಗಿ ತೂತು ಕೊರೆದು, ಪೈಪನ್ನು ಬಿಗಿಯಾಗಿ ತೂರಿಸಿ. ಎಳೆಯುವಾಗ ಪೈಪು ಒಳಗೆ ಜಾರದಂತೆ ಹೊರಗಡೆ ಒಂದು ಕಪ್ಲಿಂಗ್ ಅಂಟಿಸಿ, ಒತ್ತುವಾಗ ಹೊರಬೀಳದಂತೆ ಒಳಗಡೆ ಒಂದು ಬಳೆ. ಸ್ಕ್ರೂ ಕ್ಲಾಂಪ್ ಬೇಡ, ಬೆರಳಲ್ಲಿ ತಿರುಗಿಸುವ ಕಿವಿಯುಳ್ಳದ್ದು ಹಾಕಿ. ಚಳಿಗೆ ಮರಗಟ್ಟಿದ ಕೈಯಲ್ಲಿ ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಇನ್ನೊಂದು ಮಾತು: ಎಳೆತ ಜೋರು, ಒತ್ತುವುದು ನಿಧಾನ. ಜೋರಾಗಿ ಒತ್ತಿದರೆ ನೀರು ಕಲಕಿ, ಕೂತ ಚಿನ್ನವನ್ನೂ ಒಳಕೊಳವೆಯೊಳಗೆ ತಳ್ಳಿಕೊಂಡು ಹೋಗುತ್ತೆ. ಒತ್ತುವಾಗ ಮೂತಿ ಯಾವಾಗಲೂ ಬಕೆಟ್ಟಿನೊಳಗೇ ಇರಲಿ.

ಮೂತಿಯ ತುದಿ ಪೈಪಿಗಿಂತ ಕಿರಿದಾಗಿರಬೇಕು ಅನ್ನುವುದು ಡ್ರೆಡ್ಜ್ ಕೈಗಳಿಗೆ ಹೇಳಿಕೊಡಬೇಕಿಲ್ಲ. ತುದಿಯಲ್ಲಿ ತೂರಿದ ಕಲ್ಲು ಮುಂದೆ ಎಲ್ಲೂ ಸಿಕ್ಕಬಾರದು. ನಾನು ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಸ್ವಲ್ಪ ಚಪ್ಪಟೆ ಮಾಡಿದ್ದೇನೆ, ಸೀಳಿಗೂ ಹೋಗುತ್ತೆ, ಕಲ್ಲನ್ನೂ ತಡೆಯುತ್ತೆ. ವಾಷರಿಗೆ ಕೊನೆಗೆ ಏನು ಹಾಕಿದೆ ಅನ್ನುವುದು ನನ್ನಲ್ಲೇ ಇರಲಿ. ಅದು ಪ್ಲಂಬಿಂಗ್ ಅಂಗಡಿಯದಲ್ಲ, ಅಡುಗೆಮನೆಯದು ಅಂತ ಮಾತ್ರ ಹೇಳಬಲ್ಲೆ.

ಹೋಗುವುದು ಸೆಪ್ಟೆಂಬರ್ ಕೊನೆಗೆ. ಏಪ್ರಿಲಿಂದ ಜೂನ್‌ವರೆಗೆ ಹಿಮ ಕರಗಿದ ನೀರು ಆಳನ್ನೇ ಎತ್ತಿಕೊಂಡು ಹೋಗುವಷ್ಟು ಜೋರು. ಸೆಪ್ಟೆಂಬರಿಗೆ ತಳಬಂಡೆ ಅಲ್ಲಲ್ಲಿ ಮೇಲೆದ್ದು ಕಾಣುತ್ತೆ. ನೀರು ಹನ್ನೆರಡು ಡಿಗ್ರಿ ಇದ್ದೀತು. ಐದು ಮಿಲಿಮೀಟರ್ ವೆಟ್‌ಸೂಟ್ ಇಲ್ಲದೆ ಒಂದು ಗಂಟೆಯೂ ನಿಲ್ಲಲಾಗದು. ಆ ಹೊತ್ತಿಗೆ ಕಾಡ್ಗಿಚ್ಚಿನ ನಿರ್ಬಂಧ ಇದ್ದೇ ಇರುತ್ತೆ, ಕಟ್ಟಿಗೆ ಒಲೆಯ ಆಸೆ ಬಿಟ್ಟು ಗ್ಯಾಸ್ ಸ್ಟವ್ ಒಯ್ಯಿರಿ, ಅದರ ಪರ್ಮಿಟ್ಟೂ ಜೊತೆಗಿರಲಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎಲ್ಲ ರಾತ್ರಿ ಕರಡಿಪೆಟ್ಟಿಗೆಯೊಳಗೆ, ಅಂದರೆ ಕರಡಿಗೆ ತೆರೆಯಲಾಗದ ಪೆಟ್ಟಿಗೆಯೊಳಗೆ. ಟೆಂಟಿನಲ್ಲಿ ಒಗ್ಗರಣೆಯ ವಾಸನೆಯೂ ಉಳಿಯಬಾರದು.

ಆ ಭಾಗದಲ್ಲಿ ತಳಬಂಡೆ ಹಲವೆಡೆ ಸ್ಲೇಟು, ಷಿಸ್ಟು, ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತ ಪದರಗಳು. ಹರಿವಿಗೆ ಅಡ್ಡವಾಗಿರುವ ಸೀಳುಗಳನ್ನೇ ಹುಡುಕಿ; ಅವು ಸ್ಲೂಯಿಸಿನ, ಅಂದರೆ ನೀರು ಹರಿಸಿ ಮಣ್ಣು ತೊಳೆಯುವ ಉದ್ದ ತೊಟ್ಟಿಯ, ರಿಫಲ್ ಎಂಬ ಅಡ್ಡಪಟ್ಟಿ ಇದ್ದ ಹಾಗೆ. ಹರಿವಿನ ಗುಂಟ ಇರುವುವನ್ನು ಪ್ರವಾಹ ತೊಳೆದಿರುತ್ತೆ. ತಿರುವಿನ ಒಳಬದಿ, ದೊಡ್ಡ ಬಂಡೆಯ ಕೆಳಹರಿವಿನ ಮಗ್ಗುಲು, ಇವು ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ಕೆರೆದಿರುತ್ತಾರೆ. ಸೀಳಿನಲ್ಲಿ ಮೇಲೇ ಸಡಿಲ ಮರಳಿದ್ದರೆ ಯಾರೋ ಬಂದು ಹೋಗಿದ್ದಾರೆ ಅಂತ ತಿಳಿಯಿರಿ. ತುಕ್ಕು ಬಣ್ಣದಲ್ಲಿ ಗಾರೆ ಹಾಕಿದಂತೆ ಗಟ್ಟಿಯಾಗಿದ್ದರೆ ಬಿಡಬೇಡಿ. ಸ್ಕ್ರೂಡ್ರೈವರಿನ ತುದಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ ಕೆದಕಿ, ಎಳೆದು, ಮತ್ತೆ ಕೆದಕಿ, ಮತ್ತೆ ಎಳೆಯಬೇಕು. ಸೀಸದ ಗುಂಡು, ಹಳೆಯ ಚೌಕದ ಮೊಳೆ ಬರತೊಡಗಿದರೆ ಸಾಲು ಸರಿಯಿದೆ ಅಂತ ಅರ್ಥ. ಭಾರದ್ದೆಲ್ಲ ಒಂದೇ ದಾರಿ ಹಿಡಿಯುತ್ತೆ. ಖಾಲಿಯಾಯಿತು ಅನ್ನಿಸಿದ ಮೇಲೆ ತಳದ ಜೇಡಿಯನ್ನು ಚಮಚದಿಂದ ಕೆರೆದು ಇನ್ನೆರಡು ಎಳೆತ ಎಳೆಯಿರಿ. ನನ್ನ ಅರ್ಧಕ್ಕಿಂತ ಹೆಚ್ಚು ಚಿನ್ನ ಬಂದದ್ದು ಆ ಎರಡರಲ್ಲಿ.

ಗದಗದ ಕಡೆಯವರಿಗೆ ಇದು ಹೊಸದಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮಳೆ ನಿಂತ ಮೇಲೆ ಹಳ್ಳದ ಮಣ್ಣನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಅದನ್ನು ನೋಡಿ ಬರೆದಿಟ್ಟಿದ್ದಾರೆ. ಪ್ಲಾಸ್ಟಿಕ್ ಪ್ಯಾನಿನ ಬದಲು ಮರದ ಮರಿಗೆ, ಅಷ್ಟೇ ವ್ಯತ್ಯಾಸ.

ಮಾಲನ್ನು ಮೊದಲು ಅರ್ಧ ಇಂಚಿನ ಜರಡಿ, ಆಮೇಲೆ 8 ಮೆಷ್ (ಇಂಚಿಗೆ ಎಂಟು ಕಣ್ಣು), ಆಮೇಲೆ 30. ಒಂದೊಂದನ್ನೂ ಬೇರೆ ಬೇರೆ ತೊಳೆಯಬೇಕು. ದಪ್ಪ ಕಲ್ಲಿನ ಜೊತೆ ಸಣ್ಣ ಚಿನ್ನ ತೊಳೆದರೆ ಕಲ್ಲನ್ನು ಹೊರದೂಡುವ ಅಲೆಯೇ ಚಿನ್ನವನ್ನೂ ಒಯ್ಯುತ್ತೆ. ಹೊಸ ಪ್ಯಾನಿನ ಎಣ್ಣೆಯಂಶ ಹೋಗುವವರೆಗೆ ಪಾತ್ರೆ ಸೋಪಿನಲ್ಲಿ ತಿಕ್ಕಿ, ಇಲ್ಲದಿದ್ದರೆ ಪುಡಿ ಚಿನ್ನ ನೀರಿನ ಮೇಲೆ ತೇಲಿಕೊಂಡು ಹೋಗುತ್ತೆ. ಮಧ್ಯೆ ಬೆಳ್ಳಗೆ ಕಾಣುವ ಕಾಳು ಬಂದರೆ ಬೆಳ್ಳಿ ಅಂತ ಹಿಗ್ಗಬೇಡಿ. ಹಳೆಯ ಗಣಿಗಾರರು ಚೆಲ್ಲಿದ ಪಾದರಸ ಹಿಡಿದ ಚಿನ್ನ ಅದು. ಬೇರೆ ಸೀಸೆಯಲ್ಲಿ ನೀರಿನೊಳಗೆ ಮುಚ್ಚಿಡಿ. ಬಾಣಲೆಯಲ್ಲಿ ಕಾಯಿಸಿ ಪಾದರಸ ಓಡಿಸುವ ಕೆಲಸ ಯಾವ ಕಾರಣಕ್ಕೂ ಬೇಡ, ಆ ಹೊಗೆ ನೇರ ಶ್ವಾಸಕೋಶಕ್ಕೆ.

ಎರಡು ಅಡ್ಡ ಪ್ರಯೋಗ, ಎರಡೂ ಹಿತ್ತಿಲಿನಲ್ಲಿ. ಸ್ಲೂಯಿಸಿಗೆ ಕಾರ್ಪೆಟ್ಟಿನ ಬದಲು ತೆಂಗಿನ ನಾರಿನ ಕಾಲೊರಸು ಹಾಸಿದೆ. ಪುಡಿ ಚಿನ್ನವನ್ನು ಚೆನ್ನಾಗಿಯೇ ಹಿಡಿಯಿತು, ಬಿಡಲೊಲ್ಲದು ಅಷ್ಟೆ. ಬಿಡಿಸಲು ನಾಲ್ಕು ಬಕೆಟ್ ನೀರು ಬೇಕಾಯಿತು. ಇನ್ನೊಂದು, ಒಣಗಿಸಿದ ಕಪ್ಪು ಮರಳನ್ನು ಮೊರದಲ್ಲಿ ಕೇರಿದ್ದು. ಸಾಸಿವೆ ಗಾತ್ರದ ಚೂರುಗಳು ನಿಂತವು, ತೆಳ್ಳನೆಯ ರೇಕುಗಳು ಕಪ್ಪು ಮರಳಿಗಿಂತ ಮೊದಲೇ ಹಾರಿದವು. ಆಕಾರದ ಮುಂದೆ ತೂಕ ಸೋಲುತ್ತೆ.

ಒಳಕೊಳವೆ ಹಾಕಿದ ಮೇಲಿನ ಮೊದಲ ವಾರಾಂತ್ಯ ಒಂಬತ್ತು ಗಂಟೆಯ ಕೆಲಸ, ಮೂರು ಸೀಳು, 1.4 ಗ್ರಾಂ. ಪಕ್ಕದಲ್ಲೇ ಸಲಿಕೆ, ಪ್ಯಾನ್ ಹಿಡಿದಿದ್ದವರಿಗೆ, ನನ್ನ ಪಂಪು ನೋಡಿ ನಕ್ಕವರೂ ಸೇರಿದಂತೆ, ತಲಾ 0.3 ಬಂದಿದ್ದರೆ ಹೆಚ್ಚು. ಅದರ ಮುಂದಿನ ಸಲ 0.9. ಆಗ ಚಿನ್ನ ಗ್ರಾಮಿಗೆ 85 ಡಾಲರ್ ಸುಮಾರು. ಹೊಳೆಯ ಚಿನ್ನ ಅಪ್ಪಟವಲ್ಲ, 88 ಶೇಕಡಾ ಅಂತ ಹಿಡಿದರೆ 1.4 ಗ್ರಾಮಿಗೆ 105. ಫ್ರೀಮಾಂಟಿನಿಂದ ಹೋಗಿಬರಲು ಪೆಟ್ರೋಲು 75-80, ಎರಡು ರಾತ್ರಿಯ ಕ್ಯಾಂಪಿಗೆ ಐವತ್ತರ ಮೇಲೆ. ಊಟ ಬಿಟ್ಟೂ ಇಪ್ಪತ್ತೈದು ಮೂವತ್ತು ಡಾಲರ್ ಕೈಯಿಂದಲೇ. ಇಬ್ಬರು ಒಂದೇ ಕಾರಿನಲ್ಲಿ, ಎರಡು ಪಂಪಿನೊಡನೆ ಹೋದರೆ ಸರಿದೂಗಬಹುದು.

ತೆಗೆದ ಕುಣಿ ಮುಚ್ಚಿ, ದಡ ಕೆದಕದೆ ಬನ್ನಿ. ಪಂಪನ್ನು ಸಿಹಿನೀರಿನಲ್ಲಿ ತೊಳೆದು ವಾಷರ್ ಬಿಚ್ಚಿಡಿ. ಉಳಿದ ಕಪ್ಪು ಮರಳಿನಿಂದ ಕಬ್ಬಿಣದಂಶ ತೆಗೆಯಲು ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರಿನೊಳಗೇ ಆಡಿಸಿ, ಒಂದಲ್ಲ, ಮೂರು ಸಲ. ಗುಂಪಾಗಿ ಏಳುವ ಮರಳು ನಡುವೆ ಸಿಕ್ಕ ಚಿನ್ನವನ್ನೂ ಎಬ್ಬಿಸಿಕೊಂಡು ಬರುತ್ತೆ. ಮೂರನೆಯ ಸಲ ಬೇರ್ಪಟ್ಟ ಮರಳಿನಲ್ಲೂ ಭೂತಗನ್ನಡಿ ಹಿಡಿದರೆ ಎರಡು ಮೂರು ಚುಕ್ಕೆ ಕಾಣುತ್ತವೆ, ಅದಕ್ಕೇ ಅದನ್ನೂ ಎಸೆದಿಲ್ಲ. ಬೋರ್ನ್‌ವಿಟಾ ಡಬ್ಬಿಯಲ್ಲಿ ಮುಕ್ಕಾಲು ತುಂಬಿದೆ.