ಬೀರುವಿನೊಳಗೆ ಗೊಂಬೆ ಮೆಟ್ಟಿಲು: ನನ್ನ ಅನುಭವ

ದಸರಾ ಗೊಂಬೆ ಕೂರಿಸುವಂಥ ಮೆಟ್ಟಿಲನ್ನು ಬಟ್ಟೆ ಬೀರುವಿನೊಳಗೆ ಇಟ್ಟು ಎಂಟು ತಿಂಗಳಾಯಿತು. ಮೆಟ್ಟಿಲು ಅಲುಗಿಲ್ಲ, ಸೀರೆ ಜಾರಿಲ್ಲ, ಹೆಂಡತಿ ಬೈದಿಲ್ಲ. ಇನ್ನು ಬರೆಯಬಹುದು ಅನ್ನಿಸಿತು. ಶುರು ಮಾಡಿದಾಗ ನಕ್ಕವರೇ ಎಲ್ಲ. ಮಂಡ್ಯದ ಭಾವ ಬಾಗಿಲು ತೆಗೆದು ನೋಡಿ, "ಏನ್ಲಾ ಇದು, ಬೀರು ಒಳ್ಗೂ ಬೊಂಬೆ ಕೂರಿಸ್ತೀಯಾ?" ಅಂದಿದ್ದರು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ. ಆ ಕಾಲದ ವಾರ್ಡ್‌ರೋಬ್, ಅಂದ್ರೆ ಗೋಡೆ ಬೀರು, ನಿಮಗೆ ಗೊತ್ತೇ ಇದೆ. ಗೋಡೆಯೊಳಗೇ ಕೂರಿಸಿದ ಕಡಪ ಕಲ್ಲಿನ ಅರೆಗಳು, ಮುಂದೆ ತೇಗದ ಚೌಕಟ್ಟು, ಎರಡು ಬಾಗಿಲು, ಮೇಲೆ ಅಟ್ಟ. ಕಲ್ಲನ್ನು ಮೇಲೆ ಕೆಳಗೆ ಮಾಡೋ ಹಾಗಿಲ್ಲ. ಆಳ 23 ಇಂಚು, ಕಲ್ಲಿಂದ ಕಲ್ಲಿಗೆ 18 ಇಂಚು. ಮಡಿಸಿದ ಸೀರೆಗೋ ಶರ್ಟಿಗೋ ಬೇಕಾದ ಆಳ 11 ಇಂಚು ಅಷ್ಟೆ. ಹಾಗಾಗಿ ಹಿಂದೊಂದು ಸಾಲು, ಮುಂದೊಂದು ಸಾಲು. ಹಿಂದಿನ ಸಾಲಿನಲ್ಲಿ ಏನಿದೆ ಅನ್ನೋದು ಮನೆಗೆ ಬಣ್ಣ ಹೊಡೆಸುವಾಗಲೇ ಗೊತ್ತಾಗೋದು.

ಒಂದು ಮಾಡ್ಯುಲರ್ ಕಂಪನಿಯವರನ್ನು ಕರೆಸಿದೆ. ಎಲ್ಲ ಒಡೆದು ಹೊಸದು ಮಾಡಿಕೊಡಲು ಹತ್ತಿರ ಹತ್ತಿರ ಒಂದು ಲಕ್ಷ ನಲವತ್ತು ಸಾವಿರ ಕೇಳಿದರು. ಪರಿಚಯದ ಬಡಗಿ ಎಂಬತ್ತು ಸಾವಿರ ಅಂದರು. ಅವರ ಲೆಕ್ಕ ತಪ್ಪಲ್ಲ, ನನ್ನ ಜೇಬು ಸಣ್ಣದು. ಸರಿ, ನಾನೇ ಕೈ ಹಾಕಿದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಎಳೆಯುವ ಡ್ರಾ. ಅಶೋಕ ರಸ್ತೆ ಕಡೆಯಿಂದ 20 ಇಂಚಿನ ಟೆಲಿಸ್ಕೋಪಿಕ್ ಚಾನೆಲ್ (ಡ್ರಾ ಜಾರುವ ಲೋಹದ ಹಳಿ) ನಾಲ್ಕು ಜೊತೆ ತಂದೆ, ಸುಮಾರು 1,500 ರೂಪಾಯಿ. ಮನೆಗೆ ಬಂದು ಟೇಪು ಹಿಡಿದಾಗಲೇ ಹೊಳೆದದ್ದು. ಒಳಗಿನ ಅಗಲ 35 ಇಂಚು, ಆದರೆ ಚೌಕಟ್ಟು ಎರಡೂ ಕಡೆ ಒಂದೊಂದು ಇಂಚು ಒಳಕ್ಕೆ ಬಂದಿದೆ. ಡ್ರಾ ಅದನ್ನು ದಾಟಿ ಬರಲು ಗೋಡೆಗೂ ಚಾನೆಲ್‌ಗೂ ನಡುವೆ ಪ್ಯಾಕಿಂಗ್ ಕೊಡಬೇಕು, ಅಲ್ಲಿಗೆ ಎರಡು ಇಂಚು ಹೋಯಿತು. ಚಾನೆಲ್‌ಗೆ ಒಂದೊಂದು ಬದಿಗೆ ಅರ್ಧ ಇಂಚಿನಂತೆ ಇನ್ನೊಂದು ಇಂಚು. ಡ್ರಾದ 18 ಎಂಎಂ ಪಕ್ಕೆಗಳು ಎರಡೂ ಸೇರಿ ಒಂದೂವರೆ. ಜಾಗ ಉಳಿಸಲು ಹೊರಟವನು ನಾಲ್ಕೂವರೆ ಇಂಚು ಕಳೆದುಕೊಂಡು ಕೂತೆ! ಆದರೂ ಹಟಕ್ಕೆ ಒಂದು ಡ್ರಾ ಮಾಡಿದೆ. ರೇಷ್ಮೆ ಸೀರೆ ತುಂಬಿದ ವಾರಕ್ಕೆ ಗೋಡೆಯಲ್ಲಿ ಸ್ಕ್ರೂ ಹಿಡಿಯುವ ರಾಲ್‌ಪ್ಲಗ್ ಗಾರೆ ಸಮೇತ ಕಿತ್ತು ಬಂತು. ಹಳೇ ಗಾರೆ, ಬೆರಳಲ್ಲಿ ಒತ್ತಿದರೆ ಹಿಟ್ಟು.

ಆಮೇಲೆ ಒಂದು ಕಲ್ಲನ್ನೇ ಅರ್ಧಕ್ಕೆ ಕತ್ತರಿಸಿದರೆ ಉದ್ದ ಬಟ್ಟೆ ನೇತು ಹಾಕಬಹುದಲ್ವಾ ಅಂತ ಗ್ರೈಂಡರ್ ಬಾಡಿಗೆಗೆ ತಂದೆ. ಇದನ್ನು ದಯವಿಟ್ಟು ಮಾಡಬೇಡಿ. ಕಲ್ಲು ನಾನು ಗೀಟು ಹಾಕಿದ ಕಡೆ ಬಿಟ್ಟು ಗೋಡೆ ಹತ್ತಿರ ಬಿರುಕು ಬಿಟ್ಟಿತು. ಕಪ್ಪು ದೂಳು ಅಡುಗೆಮನೆಯ ಸಾಸಿವೆ ಡಬ್ಬಿ ತನಕ ಹೋಗಿತ್ತು. ಗಾರೆಯವರಿಗೆ, ಬಣ್ಣಕ್ಕೆ, ಗ್ರೈಂಡರ್ ಬಾಡಿಗೆಗೆ ಸೇರಿ ಎರಡು ಸಾವಿರ.

ಉಪಾಯ ಹೊಳೆದದ್ದು ದಸರಾದಲ್ಲಿ. ಅಮ್ಮ ಪ್ರತಿ ವರ್ಷ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲ ಮೇಲೆ ಬಟ್ಟೆ ಹಾಸಿ ಪಟ್ಟದ ಗೊಂಬೆ ಇಡುತ್ತಿದ್ದರು. ಕೆಳಗೆ ಕೂತು ಸುಮ್ನೆ ನೋಡುತ್ತಿದ್ದೆ. ಎಷ್ಟು ಸಾಲು ಇದ್ದರೂ ಹಿಂದಿನದು ಕಾಣುತ್ತೆ, ಯಾಕಂದ್ರೆ ಅದು ಎತ್ತರದಲ್ಲಿದೆ. ಮೆಟ್ಟಿಲ ಕೆಳಗಿನ ಟೊಳ್ಳಿನಲ್ಲಿ ಖಾಲಿ ಪೆಟ್ಟಿಗೆಗಳನ್ನೂ ತುರುಕಿದ್ದಾರೆ. ಅಲ್ಲೇ ಎದ್ದು ಹೋಗಿ ಬೀರು ಬಾಗಿಲು ತೆಗೆದೆ.

ಹಿಂದಿನ ಅರ್ಧಕ್ಕೆ ಒಂದು ಮೆಟ್ಟಿಲು, ಅಷ್ಟೇ ವಿಷಯ. ಈ ಸಲ ಹುಷಾರಾಗಿ ಮೊದಲು ರಟ್ಟಿನ ಡಬ್ಬದಲ್ಲಿ ಮಾಡಿ ನೋಡಿದೆ. 9 ಇಂಚು ಎತ್ತರಿಸಿದರೆ ಮೇಲೆ ಕೈ ಆಡಲ್ಲ. 5 ಇಂಚಿಗೆ ಮುಂದಿನ ಸಾಲು ಹಿಂದಿನದನ್ನು ಮುಚ್ಚುತ್ತೆ. 7 ಇಂಚು ಸರಿಯಾಗಿ ಕೂತಿತು. ಮುಂದಿನ ಸಾಲು ಎಂಟು ಇಂಚು ದಾಟಬಾರದು, ದಾಟಿದರೆ ಕಥೆ ಮುಗಿಯಿತು. ಟೊಳ್ಳಿನೊಳಗೆ ಸ್ವೆಟರ್, ಮದುವೆ ಶೆರ್ವಾನಿ, ಹಳೇ ಫೈಲು, ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು. ಮುಂದಿನ ಸಾಲನ್ನು ತೆಳು ಪ್ಲೈ ತಟ್ಟೆ ಮೇಲೆ ಜೋಡಿಸಿದ್ದೇನೆ. ತಟ್ಟೆ ಎತ್ತಿ ಮಂಚದ ಮೇಲಿಟ್ಟರೆ ಹಿಂದಿನದೆಲ್ಲ ಕೈಗೆ ಸಿಗುತ್ತದೆ. ಚಾನೆಲ್ ಇಲ್ಲ, ಗೋಡೆಗೆ ಒಂದು ಸ್ಕ್ರೂ ಕೂಡ ಇಲ್ಲ. ತಟ್ಟೆ ತಾನಾಗಿ ಜಾರಿ ಬರದ ಹಾಗೆ ಏನು ಮಾಡಿದೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನೆಯಲ್ಲೇ ಇರೋ ಸಾಮಾನು, ಯೋಚಿಸಿದರೆ ನಿಮಗೂ ಹೊಳೆಯುತ್ತೆ.

ಪ್ಲೈ ವಿಷಯದಲ್ಲಿ ಮೊದಲು ಕಂಜೂಸಿ ಮಾಡಿ ಎಂಆರ್ (ಸ್ವಲ್ಪ ತೇವ ಮಾತ್ರ ತಡೆಯುವ ಪ್ಲೈ) ತಂದಿದ್ದೆ, ಅರ್ಧ ಶೀಟು 1,100 ರೂಪಾಯಿ. ನಮ್ಮ ಬೀರುವಿನ ಹಿಂದೆ ಬಚ್ಚಲುಮನೆ. ಒಂದು ಮಳೆಗಾಲಕ್ಕೆ ಅಂಚು ಹಪ್ಪಳದ ಹಾಗೆ ಉಬ್ಬಿತು. ಎರಡನೇ ಸಲ 12 ಎಂಎಂ 710 ಗ್ರೇಡ್, ಅಂದ್ರೆ ನೀರು ತಡೆಯುವ ಪ್ಲೈ, ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟು, 3,200 ಇರಬೇಕು. ಐದು ಮೆಟ್ಟಿಲು ಬಂತು. ಜೊತೆಗೆ ಹಿಂದಿನ ಗೋಡೆಗೆ ತಾಗಿಸದೆ ಒಂದು ಇಂಚು ಬಿಟ್ಟೆ, ಗಾಳಿ ಆಡಲಿ ಅಂತ. ಎಲ್ಲಕ್ಕಿಂತ ಮೊದಲು ಮಾಡಿದ ಎಂಆರ್ ಮೆಟ್ಟಿಲನ್ನು ಮುಕ್ಕಾಲು ದಿನ ಕೂತು ಫೆವಿಕಾಲ್ ಹಾಕಿ, ಸ್ಕ್ರೂ ಬಿಗಿದು, ಉಪ್ಪುಕಾಗದ ಉಜ್ಜಿ ಚೆಂದ ಮಾಡಿದ್ದೆ. ಒಳಗೆ ಹೋಗಲೇ ಇಲ್ಲ. ಮತ್ತೆ ಅದೇ ಚೌಕಟ್ಟು! ಬಾಗಿಲ ಸಂದು 33 ಇಂಚು, ನನ್ನ ಮೆಟ್ಟಿಲು 34. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಅದಕ್ಕೆ ಹೊರಗಡೆನೇ ಒಂದು ಬೀರು ಕಟ್ಟಿಸಿ" ಅಂದಳು. ಗರಗಸ ತಗೊಂಡು ನಡುವೆ ಕುಯ್ದೆ. ಈಗ ಎಲ್ಲವೂ 17 ಇಂಚಿನ ಎರಡೆರಡು ತುಂಡು. ಅದೇ ಒಳ್ಳೆಯದಾಯಿತು ಅನ್ನಿ, ಒಂದು ತುಂಡು ತೆಗೆದರೆ ಸೂಟ್‌ಕೇಸ್ ಕೂರುತ್ತೆ.

ನಡುವೆ ಒಂದಷ್ಟು ಹುಚ್ಚಾಟ. ಮುಗ್ಗಲು ವಾಸನೆಗೆ ಸುಟ್ಟ ಸುಣ್ಣದ ಹರಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟೆ. ತೇವ ಎಳೆದುಕೊಂಡಿತು ನಿಜ, ಆದರೆ ಹಿಗ್ಗಿ ಡಬ್ಬಿ ಸೀಳಿ ಕೆಳಗಿನ ಪಂಚೆಗಳ ಮೇಲೆಲ್ಲ ಬಿಳಿ ಪುಡಿ. ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲದಲ್ಲಿ ರಜಾಯಿ ಹಾಕಿದೆ, ಎರಡೇ ತಿಂಗಳಿಗೆ ಗಾಳಿ ಹೊಕ್ಕು ಮತ್ತೆ ದಿಂಬಿನಂತೆ ಊದಿ ಬಾಗಿಲು ತಳ್ಳಿತು. ಕೊನೆಗೆ ಉಳಿದದ್ದು ದೇವರಾಜ ಮಾರ್ಕೆಟ್ಟಿನ ಲಾವಂಚದ ಕಟ್ಟು ಮತ್ತು ಅಮ್ಮನ ಹಳೇ ಪದ್ಧತಿ, ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಪೊಟ್ಟಣ. ನುಸಿಗುಳಿಗೆ ಜರಿಗೆ ತಾಗೋದು ಬೇಡ ಅಂತ ಅಮ್ಮ ಮೊದಲೇ ಹೇಳಿದ್ದರು. ಅತ್ತೆ ಕೊಟ್ಟ ಮೈಸೂರು ಸಿಲ್ಕ್ ಸೀರೆ ಮಾತ್ರ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಮೆಟ್ಟಿಲ ಮೇಲೇ ಇದೆ. ಕಣ್ಣಿಗೆ ಕಾಣುವುದರಿಂದ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸೋದು ಮರೆಯಲ್ಲ. ಮೊದಲು ಹಿಂದೆ ಸಿಕ್ಕಿಕೊಂಡಿದ್ದ ಒಂದು ಸೀರೆ ಮಡಿಕೆಯಲ್ಲೇ ಹರಿದಿತ್ತು.

ಲೆಕ್ಕ ಹೇಳ್ತೀನಿ. ಪ್ಲೈ, ಕಟಿಂಗ್, ಸ್ಕ್ರೂ, ಅಂಚಿನ ಪಟ್ಟಿ, ಪಾಲಿಶ್ ಸೇರಿ ನಾಲ್ಕೂವರೆ ಸಾವಿರ. ದಂಡ ಮಾಡಿದ್ದೂ ಹೆಚ್ಚು ಕಡಿಮೆ ಅಷ್ಟೇ. ಒಂದು ಅರೆಯಲ್ಲಿ ಮೊದಲು 22 ಸೀರೆ ಇಡುತ್ತಿದ್ದೆವು, ಈಗ 35ರ ಮೇಲಿದೆ, ಟೊಳ್ಳಿನದು ಬೇರೆ. ಮಂಚದ ಕೆಳಗಿದ್ದ ಎರಡು ಟ್ರಂಕು ಮಾರಿದೆವು.

ಹೋದ ತಿಂಗಳು ಭಾವ ಫೋನ್ ಮಾಡಿದ್ದರು. "ನಿಮ್ಮಕ್ಕ ದಿನಾ ಕಿವಿ ತಿಂತಾವ್ಳೆ ಕಣ್ಲಾ, ನಮ್ಮನೆ ಬೀರುಗೂ ಒಂದ್ ನಾಕ್ ಮೆಟ್ಲು ಮಾಡ್ಕೊಡು." ಅಳತೆ ಕಳಿಸಿ ಅಂದೆ, ಬೀರುವಿನ ಒಳಗಿನದಲ್ಲ, ಬಾಗಿಲ ಸಂದಿನದು. ಅವರು ಕಳಿಸಿದ ಫೋಟೋದಲ್ಲಿ ಮೂಲೆಯಲ್ಲಿ ಗೆದ್ದಲ ಮಣ್ಣು ಕಾಣುತ್ತಿದೆ. ಅದಕ್ಕೆ ಔಷಧಿ ಹೊಡೆಸುವ ತನಕ ನಾನು ಪ್ಲೈ ಕೊಳ್ಳಲ್ಲ ಅಂದಿದ್ದೇನೆ.